ಸೇವ್ ಕಳೆಯದೆ ಗೇಮ್ ಬಾಯ್ ಕಾರ್ಟ್ರಿಜ್‌ಗೆ ಹೊಸ ಬ್ಯಾಟರಿ: ನನ್ನ ಅನುಭವ

ನಿಂಟೆಂಡೋದ ಹಳೆಯ ಕೈಯಾಟದ ಯಂತ್ರ ಗೇಮ್ ಬಾಯ್‌ಗೆ ಹಾಕುವ ಆಟದ ಕಾರ್ಟ್ರಿಜ್‌ನ ಬ್ಯಾಟರಿ ಬದಲಿಸಿದರೆ ಸೇವ್, ಅಂದರೆ ಆಟದಲ್ಲಿ ಉಳಿಸಿಟ್ಟ ಪ್ರಗತಿ, ಹೋಗಿಯೇ ತೀರುತ್ತದೆ ಎಂಬುದು ಬೆಳಗಾವಿಯ ಖಡೇಬಜಾರಿನಲ್ಲಿ ರಿಪೇರಿ ಮಾಡುವ ನನ್ನ ಗೆಳೆಯರೆಲ್ಲರ ಖಚಿತ ಮಾತಾಗಿತ್ತು. ಒಂದು ಕಾಲಕ್ಕೆ ದುಬೈ, ಮಸ್ಕತ್‌ಗಳಿಂದ ಬಂದು ಟ್ರಂಕಿನ ತಳ ಸೇರಿದ್ದ ಕಾರ್ಟ್ರಿಜ್‌ಗಳನ್ನು ಅವುಗಳ ಒಡೆಯರು ಈಗ ಹುಡುಕಿ ತರುತ್ತಿದ್ದಾರೆ, ಮತ್ತು ಆಟವನ್ನು ಬಿಟ್ಟಲ್ಲಿಂದಲೇ ಮುಂದುವರಿಸಬೇಕೆನ್ನುತ್ತಾರೆ. 3 ವೋಲ್ಟಿನ ಸೆಲ್ ಎರಡೂವರೆಗೆ ಇಳಿದಿದ್ದರೂ, ಅದರ ಬಲದಿಂದ ಸೇವ್ ಕಾಪಾಡುವ ಮೆಮೊರಿ ಚಿಪ್ಪಾದ ಎಸ್‌ರ‍್ಯಾಮ್ ಸಾಮಾನ್ಯವಾಗಿ ತನ್ನ ಮಾಹಿತಿಯನ್ನು ಹಿಡಿದುಕೊಂಡಿರುತ್ತದೆ. 2ಕ್ಕಿಂತ ಕೆಳಗೆ ಹೋಗಿದ್ದರೆ ನಾನೂ ಭರವಸೆ ಕೊಡುವುದಿಲ್ಲ. ಜೀವ ಉಳಿದಿರುವ ಸೇವ್‌ಗಳನ್ನು ಮಾತ್ರ ಈಗ ಒಂದೂ ಬಿಡದೆ ಹೊರತೆಗೆದು, ಹೊಸ ಸೆಲ್ ಹಾಕಿ, ಮತ್ತೆ ಒಳಗೆ ಬರೆಯುತ್ತಿದ್ದೇನೆ.

ಕಾರ್ಟ್ರಿಜ್ ಓದುವ ಸಿದ್ಧ ರೀಡರ್ ತರಿಸಲು ಸುಂಕ, ಸಾಗಣೆ ಸೇರಿ ಐದಾರು ಸಾವಿರ ಆಗುತ್ತಿತ್ತು. ಅದರ ಬದಲು ಆರ್ಡುಯಿನೋ ಮೆಗಾ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ ಅಗ್ಗದ ಪ್ರತಿಯೊಂದು ಸಾವಿರದ ಮುನ್ನೂರರ ಆಸುಪಾಸಿನಲ್ಲಿ ಸಿಕ್ಕಿತು, 32 ಪಿನ್ನಿನ ಸ್ಲಾಟನ್ನು ಕೆಟ್ಟುಹೋದ ಗೇಮ್ ಬಾಯ್ ಒಂದರಿಂದ ಬಿಚ್ಚಿಕೊಂಡೆ. ಮೆಗಾವೂ 5 ವೋಲ್ಟ್, ಕಾರ್ಟ್ರಿಜ್ಜೂ 5 ವೋಲ್ಟ್ ಆದುದರಿಂದ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್‌ನ ಖರ್ಚು ಉಳಿಯಿತು.

ಆದರೆ ಮೊದಲು ಬಂದ ಡಂಪ್‌ಗಳೆಲ್ಲ (ಕಾರ್ಟ್ರಿಜ್‌ನಿಂದ ಓದಿ ತೆಗೆದ ಪ್ರತಿಗಳೆಲ್ಲ) ಕಸವಾಗಿದ್ದವು. ನಮ್ಮೂರಿನ ಮಳೆಗಾಲದ ತೇವಕ್ಕೆ ಕಾರ್ಟ್ರಿಜ್‌ನ ಕಾಂಟ್ಯಾಕ್ಟ್‌ಗಳು ಎಷ್ಟು ಮಂಕಾಗುತ್ತವೆ ಎಂಬುದು ಗೊತ್ತಿದ್ದದ್ದೇ. ಯಾವ ಪಿನ್ ಕೈಕೊಟ್ಟಿದೆ ಎಂದು ಕಂಡುಹಿಡಿಯುವುದೇ ನಿಜವಾದ ಕೆಲಸ. ರೋಮ್, ಅಂದರೆ ಆಟವಿರುವ ಚಿಪ್‌ನಲ್ಲಿ, ಹೆಕ್ಸ್ (ಹದಿನಾರರ ಎಣಿಕೆಯ) ವಿಳಾಸ 104ರಿಂದ 133ರವರೆಗಿನ 48 ಬೈಟುಗಳಲ್ಲಿ ನಿಂಟೆಂಡೋ ಲೋಗೋ ಇರುತ್ತದೆ, ಅದು ಹೊಂದದಿದ್ದರೆ ಕನ್ಸೋಲ್ ಆಟವನ್ನು ಆರಂಭಿಸುವುದೇ ಇಲ್ಲ. ಆದುದರಿಂದ ಅಲ್ಲಿ ಏನು ಬರಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಒಂದು ಕಾರ್ಟ್ರಿಜ್‌ನಲ್ಲಿ ಸಿಇ, ಇಡಿ, 66, 66 ಎಂದು ಬರಬೇಕಾದಲ್ಲಿ ಸಿ6, ಇ5, 66, 66 ಬಂದಿತು. ಕೆಟ್ಟ ಎರಡು ಬೈಟುಗಳಲ್ಲೂ ಬಿಟ್ 3 (ಬಲದಿಂದ, ಸೊನ್ನೆಯಿಂದ ಎಣಿಸಿದಾಗ) ಮಾತ್ರ ಇಲ್ಲವಾಗಿದೆ, 66ರಲ್ಲಿ ಆ ಬಿಟ್ ಮೊದಲೇ ಸೊನ್ನೆ ಆದುದರಿಂದ ಅದು ಸರಿಯಾಗಿಯೇ ಕಾಣುತ್ತದೆ. ಅಂದರೆ ದೋಷ ಆ ಬಿಟ್ಟನ್ನು ಸಾಗಿಸುವ ಡಿ3 ಪಿನ್ನಿನದು. ಇದಕ್ಕೆ ಬದಲಾಗಿ ಒಂದೇ 8 ಕೆಬಿ ತುಣುಕು ಪ್ರತಿ ಬ್ಯಾಂಕಿನಲ್ಲೂ (ಒಮ್ಮೆಗೆ ಓದಸಿಗುವ ರೋಮ್ ತುಂಡಿನಲ್ಲೂ) ಎರಡೆರಡು ಸಲ ಮರಳಿ ಬರುತ್ತಿದ್ದರೆ ಎ13 ಎಂಬ ವಿಳಾಸದ ಪಿನ್ ತಾಗುತ್ತಿಲ್ಲ ಎಂದೇ ಅರ್ಥ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಆ ಒಂದೇ ಪಿನ್ನನ್ನು ತಿಕ್ಕಿದರೆ ಸಾಕು. ಹೆಕ್ಸ್ 14ಇ ಮತ್ತು 14ಎಫ್‌ನಲ್ಲಿ, ಆ ಎರಡನ್ನು ಬಿಟ್ಟು ಉಳಿದೆಲ್ಲ ಬೈಟುಗಳ ಮೊತ್ತವನ್ನು ಬರೆದಿಟ್ಟಿರುತ್ತಾರೆ; ಕನ್ಸೋಲ್ ಅದನ್ನು ಪರೀಕ್ಷಿಸುವುದಿಲ್ಲ, ನಾನು ಪರೀಕ್ಷಿಸದೆ ಮುಂದೆ ಹೋಗುವುದಿಲ್ಲ.

ರೋಮ್ ಸರಿ ಬಂದರೆ ಹೆಚ್ಚಿನ ತಂತಿಗಳು ಸರಿ ಇವೆ ಎಂದಾಯಿತು, ಆಮೇಲೆಯೇ ಸೇವ್‌ಗೆ ಕೈ ಹಾಕುತ್ತೇನೆ. ಬ್ಯಾಂಕ್ ಬದಲಿಸುವ ಎಂಬಿಸಿ ಚಿಪ್‌ಗೆ ಹೆಕ್ಸ್ 0ಎ ಬರೆದು ಎಸ್‌ರ‍್ಯಾಮ್ ತೆರೆದರೆ ಎ000ದಿಂದ ಬಿಎಫ್‌ಎಫ್‌ಎಫ್‌ವರೆಗೆ 8 ಕೆಬಿಯ ಕಿಟಕಿಯೊಂದು ಸಿಗುತ್ತದೆ, 32 ಕೆಬಿಯ ಸೇವ್ ಆದರೆ ನಾಲ್ಕು ಬ್ಯಾಂಕ್ ತಿರುಗಿಸಬೇಕು. ಇಲ್ಲಿ ನಂಬಬಹುದಾದ ಸಾಮಾನ್ಯ ಮೊತ್ತ ಯಾವುದೂ ಇಲ್ಲ, ಹಾಗಾಗಿ ಕಾರ್ಟ್ರಿಜ್ಜನ್ನು ಹೊರತೆಗೆದು ಮತ್ತೆ ಕೂರಿಸಿ ಓದಿ, ಎರಡು ಫೈಲುಗಳು ಅಕ್ಷರಶಃ ಒಂದೇ ಆಗುವವರೆಗೆ ಬಿಡುವುದಿಲ್ಲ. ವಿದ್ಯುತ್ ಕಡಿಯುವ ಕ್ಷಣದಲ್ಲಿ ಎಸ್‌ರ‍್ಯಾಮ್‌ಗೆ ಕಸ ಬರೆಯಿಸಿಕೊಳ್ಳದಂತೆ ತಡೆಯುವ ಹಿಕಮತ್ತೊಂದಿದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಅಂಗಡಿಯ ಬಾಡಿಗೆ ಅದರಿಂದಲೇ ಹುಟ್ಟುತ್ತದೆ.

ಹೆಚ್ಚು ಹಣ ಹೋದದ್ದು ಬ್ಯಾಟರಿಯೇ ಬೇಡವಾಗಿಸುವ ಹಂಬಲಕ್ಕೆ. ಎಸ್‌ರ‍್ಯಾಮ್ ಚಿಪ್ ತೆಗೆದು ಆ ಜಾಗದಲ್ಲಿ ಎಫ್‌ಎಂ18ಡಬ್ಲ್ಯೂ08 ಎಂಬ 32 ಕೆಬಿಯ ಎಫ್‌ರ‍್ಯಾಮ್ ಕೂರಿಸಿದರೆ ವಿದ್ಯುತ್ ಇಲ್ಲದೆಯೂ ಸೇವ್ ಉಳಿಯುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ ಚಿಪ್‌ಗಳು ಮೇಲ್ಬರಹ ಅಳಿಸಿ ಮರುಮುದ್ರಿಸಿದ ಬೇರೇನೋ ಆಗಿದ್ದವು, ಮಾರಿದವನು ಉತ್ತರವನ್ನೂ ಕೊಡಲಿಲ್ಲ. ಎರಡೂವರೆ ಸಾವಿರ ನೀರಿಗೆ ಬಿತ್ತು. ಆಮೇಲೆ ಒಂದಕ್ಕೆ ಆರುನೂರರಂತೆ ಕೊಟ್ಟು ತರಿಸಿದವು ಚೆನ್ನಾಗಿ ನಡೆದವು. ಆದರೆ ಪೋಕೆಮಾನ್ ಗೋಲ್ಡ್‌ನಂತಹ ಆಟಗಳ ಎಂಬಿಸಿ3ರಲ್ಲಿ ಗಡಿಯಾರವೂ ಇದೆ, 32.768 ಕಿಲೋಹರ್ಟ್ಸ್‌ನ ಆ ಹರಳನ್ನು ಓಡಿಸಲು ಸಿಆರ್2025 ಸೆಲ್ ಬೇಕೇ ಬೇಕು. ಸೆಲ್‌ಗೆ ನೇರವಾಗಿ ಬೆಸುಗೆ ಹಾಕುವವರನ್ನು ಕಂಡಿದ್ದೇನೆ. ಪಟ್ಟಿ ಅಂಟಿಸಿ ಬರುವ ಸೆಲ್‌ಗೆ ನೂರು ರೂಪಾಯಿ ಹೆಚ್ಚು ಕೊಡುವುದಕ್ಕೆ ಏಕೆ ಹಿಂಜರಿಯಬೇಕೋ ತಿಳಿಯದು. ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಜ್ 3.3 ವೋಲ್ಟಿನದು, ಅದನ್ನು ಈ ಮೆಗಾಕ್ಕೆ ನೇರವಾಗಿ ಜೋಡಿಸಬಾರದು.

ಇದೆಲ್ಲ ಕಳ್ಳತನವಲ್ಲವೇ ಎಂದು ಕೇಳುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವನಿಗೆ ನಷ್ಟ, ನಾಶ, ಹಾನಿಗಳಿಂದ ತಾತ್ಕಾಲಿಕ ರಕ್ಷಣೆಗೆಂದು ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ವ್ಯವಸ್ಥೆ ಮುರಿಯುವುದನ್ನು ಅಪರಾಧವೆನ್ನುತ್ತದೆ. ಗೇಮ್ ಬಾಯ್ ಕಾರ್ಟ್ರಿಜ್‌ನಲ್ಲಿ ಗೂಢಲಿಪಿಯೇ ಇಲ್ಲ, ವಿಳಾಸ ಕೊಟ್ಟರೆ ಅದು ಬೈಟು ಕೊಡುತ್ತದೆ. ನಿಂಟೆಂಡೋದ ನಂತರದ ಯಂತ್ರವಾದ ಸ್ವಿಚ್‌ನ ವಿಷಯ ಹಾಗಲ್ಲ. 2018ರಲ್ಲಿ ಅದರ ಟೆಗ್ರಾ ಎಕ್ಸ್1 ಚಿಪ್‌ನ ಬೂಟ್‌ರೋಮ್‌ನ (ಯಂತ್ರವನ್ನು ಆರಂಭಿಸುವ ತಂತ್ರಾಂಶದ) ದೋಷ ಬಯಲಾದ ಮೇಲೆ ಹಲವರು ಸ್ವಿಚ್‌ನ ರಕ್ಷಣೆ ತೆರೆದುಕೊಡಿ ಎಂದು ಬಂದರು, ನಾನು ಒಪ್ಪಲಿಲ್ಲ. ಗಿರಾಕಿ ತಂದ ಕಾರ್ಟ್ರಿಜ್ಜನ್ನು ಮಾತ್ರ ಓದುತ್ತೇನೆ, ನಾನೂರೈವತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ, ಫೈಲನ್ನು ಅವರ ಪೆನ್ ಡ್ರೈವಿಗೆ ಹಾಕಿ ನನ್ನ ಕಂಪ್ಯೂಟರಿನಿಂದ ಅವರೆದುರೇ ಅಳಿಸುತ್ತೇನೆ.