ಚರ್ಚ್ ಸೇವೆಗೆ ಸೇರಬೇಕೆ? ನಂಬಿಕೆಯೂ ಜೊತೆಗೇ ಬೆಳೆಯಲು ಹೀಗೆ ಮಾಡಿ

‘ಸೇವೆಗೆ ಯಾರಾದರೂ ಮುಂದೆ ಬನ್ನಿ’ ಎಂದು ಸಭಾಪಾಲಕರು ಕರೆದಾಗ ತಲೆ ತಗ್ಗಿಸಿ ಕೂರುವವರೇ ಜಾಸ್ತಿ. ಸತ್ಯವೇದ (ಬೈಬಲ್) ಪೂರ್ತಿ ಓದಿಲ್ಲ, ಹಾಡೋಕೆ ಬರಲ್ಲ, ನನ್ನಿಂದ ಏನಾಗುತ್ತದೆ ಎಂಬ ಅಳುಕು. ಇನ್ನು ಕೆಲವರು ಕರೆದ ಕೆಲಸಕ್ಕೆಲ್ಲ ಓಡುತ್ತಾರೆ. ಅಷ್ಟು ಓಡಾಡುವುದರಲ್ಲಿ ಪ್ರಾರ್ಥನೆಯೇ ಮರೆತುಹೋಗಿರುತ್ತದೆ. ಸೇವೆಗೆ ಹೆಸರು ಕೊಟ್ಟ ಮಾತ್ರಕ್ಕೆ ನಂಬಿಕೆ ಬೆಳೆಯುವುದಿಲ್ಲ. ಕೆಲಸದ ಹಿಂದೆ ಮುಂದೆ ನೀವು ಏನು ಮಾಡುತ್ತೀರಿ ಅನ್ನೋದು ಮುಖ್ಯ.

ಮೊದಲು ನೋಡಿ, ಆಮೇಲೆ ಕೇಳಿ

ಎರಡು ಮೂರು ವಾರ ಸುಮ್ನೆ ಗಮನಿಸಿ. ಹೊಸಬರು ಬಂದರೆ ಮಾತಾಡಿಸುವವರು ಇದ್ದಾರಾ? ಎಲ್ಲರೂ ಹೊರಟ ಮೇಲೆ ಹಾಡಿನ ಪುಸ್ತಕಗಳನ್ನು ಎತ್ತಿಡುವುದು ಯಾರು? ಆಸ್ಪತ್ರೆಯಲ್ಲಿರುವ ಸದಸ್ಯರನ್ನು ನೋಡಿ ಬರುವುದು ಯಾರು? ಯಾವಾಗಲೂ ಒಬ್ಬರ ತಲೆ ಮೇಲೇ ಬಿದ್ದಿರುವ ಕೆಲಸ ಒಂದಾದರೂ ಇದ್ದೇ ಇರುತ್ತದೆ. ಅವರ ಹತ್ತಿರ ಹೋಗಿ ‘ನಾನೂ ಕೈ ಜೋಡಿಸಲಾ?’ ಅಂತ ಕೇಳಿ. ಸಭಾಪಾಲಕರಿಗೋ ಫಾದರ್‌ಗೋ ಒಂದು ಮಾತು ತಿಳಿಸಿ.

‘ನನಗೆ ಯಾವ ವರವೂ ಇಲ್ಲ’, ಅಂದರೆ ಸೇವೆಗೆ ಬೇಕಾದ ಸಾಮರ್ಥ್ಯವನ್ನು ದೇವರು ನನಗೆ ಕೊಟ್ಟಿಲ್ಲ ಅನ್ನುವವರು ಸತ್ಯವೇದದಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯ ತೆಗೆದು ನೋಡಿ. ಬೋಧಿಸುವುದರ ಜೊತೆಯಲ್ಲೇ ದಾನ ಕೊಡುವುದನ್ನೂ ಕರುಣೆ ತೋರಿಸುವುದನ್ನೂ ಪೌಲನು ವರಗಳೆಂದೇ ಎಣಿಸುತ್ತಾನೆ.

ಮೊದಲ ಕೆಲಸ ವೇದಿಕೆಯ ಮೇಲಿನದ್ದು ಬೇಡ

ಇದು ನನ್ನ ಅಭಿಪ್ರಾಯ, ಒಪ್ಪದವರೂ ಇರಬಹುದು. ಮೈಕ್ ಸಿಕ್ಕಿದ ಕೂಡಲೇ ಹೊಗಳಿಕೆಯೂ ಸಿಗುತ್ತದೆ. ಹೊಸಬರಿಗೆ ಅದನ್ನು ಅರಗಿಸಿಕೊಳ್ಳುವುದು ಕಷ್ಟ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಏಳು ಜನರನ್ನು ಆರಿಸುತ್ತಾರಲ್ಲ, ಯಾವ ಕೆಲಸಕ್ಕೆ? ದಿನನಿತ್ಯದ ಊಟದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂಬ ದೂರು ಬಂದಿತ್ತು. ಅದನ್ನು ಸರಿಪಡಿಸಲು. ಅಂಥ ಕೆಲಸಕ್ಕೂ ಪವಿತ್ರಾತ್ಮ ತುಂಬಿದವರು, ಜ್ಞಾನಿಗಳು ಬೇಕು ಎಂದರು ಅಪೊಸ್ತಲರು. ಆ ಏಳು ಜನರಲ್ಲಿ ಒಬ್ಬನಾದ ಸ್ತೆಫನ ಮುಂದೆ ನಂಬಿಕೆಗಾಗಿ ಪ್ರಾಣ ಕೊಟ್ಟ. ಇನ್ನೊಬ್ಬ ಫಿಲಿಪ್ಪ, ದಾರಿಯಲ್ಲಿ ಸಿಕ್ಕ ಐಥಿಯೋಪ್ಯದ ಅಧಿಕಾರಿಗೆ ಪ್ರವಾದಿ ಯೆಶಾಯನ ಮಾತನ್ನು ಬಿಡಿಸಿ ಹೇಳಿದ. ಇಬ್ಬರೂ ಶುರು ಮಾಡಿದ್ದು ಊಟ ಬಡಿಸುವ ಕೆಲಸದಿಂದ.

ಒಂದೇ ಕೆಲಸ ಹಿಡಿಯಿರಿ. ‘ಆರು ತಿಂಗಳು ಮಾಡುತ್ತೇನೆ, ಆಮೇಲೆ ನೋಡೋಣ’ ಎಂದು ಮೊದಲೇ ಹೇಳಿಬಿಡಿ. ಅವಧಿ ಗೊತ್ತಿದ್ದರೆ ನಿಮಗೂ ನೆಮ್ಮದಿ, ಅವರಿಗೂ ನೆಮ್ಮದಿ.

ಕೆಲಸ ಮಾಡುತ್ತಲೇ ಪ್ರಾರ್ಥನೆ

ಕುರ್ಚಿ ಜೋಡಿಸುವ ಕೆಲಸ ಸಿಕ್ಕಿತು ಅಂದುಕೊಳ್ಳಿ. ಆರಾಧನೆಗೆ ಮುಕ್ಕಾಲು ಗಂಟೆ ಮುಂಚೆ ಹೋಗಿ. ಸಾಲಿನ ತುದಿಯ ಕುರ್ಚಿಯನ್ನು ಸ್ವಲ್ಪ ಹೊರಗೆ ಎಳೆಯಿರಿ. ಮಂಡಿ ನೋವಿರುವ ಅಜ್ಜಿಗೆ ಎದ್ದು ಕೂರಲು ಅಷ್ಟು ಜಾಗ ಬೇಕು. ವೀಲ್‌ಚೇರ್‌ನಲ್ಲಿ ಬರುವವರಿಗೆ ಹಿಂದೆ ಮೂಲೆಯಲ್ಲಲ್ಲ, ಮನೆಯವರ ಪಕ್ಕದಲ್ಲೇ ಜಾಗ ಬಿಡಿ. ಹೋದ ವಾರ ಅತ್ತುಕೊಂಡು ಹೋದವರ ಕುರ್ಚಿ ಬಂದಾಗ ಕೈ ನಿಲ್ಲಿಸಿ, ಅವರ ಹೆಸರು ಹೇಳಿ ಒಂದು ಮಾತು ಪ್ರಾರ್ಥಿಸಿ. ಹೀಗೆ ಮಾಡುತ್ತ ಹೋದರೆ ಒಬ್ಬೊಬ್ಬರ ಹೆಸರೂ ಅವರ ಕಷ್ಟವೂ ನಿಮ್ಮ ಪ್ರಾರ್ಥನೆಗೆ ಬಂದು ಸೇರಿಕೊಳ್ಳುತ್ತದೆ. ‘ಎಲ್ಲರನ್ನೂ ಆಶೀರ್ವದಿಸು’ ಎಂಬ ಒಂದೇ ಸಾಲಿನ ಪ್ರಾರ್ಥನೆ ಆಗ ಸಾಕಾಗುವುದಿಲ್ಲ.

ಪ್ಯಾರಿಸ್‌ನಲ್ಲಿ ಕಾರ್ಮೆಲ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಭೆಯ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಹೋದರ ಇದ್ದರು. 1691ರಲ್ಲಿ ತೀರಿಕೊಂಡರು. ಹೆಚ್ಚಿನ ಕಾಲ ಅಡುಗೆಮನೆಯಲ್ಲಿ, ಆಮೇಲೆ ಚಪ್ಪಲಿ ರಿಪೇರಿಯಲ್ಲಿ ಅವರ ದಿನ ಕಳೆಯಿತು. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಮಾತಾಡುತ್ತಲೇ ಇರುವುದು ಅವರ ಅಭ್ಯಾಸವಾಗಿತ್ತು.

ಕೆಲವು ಕೆಲಸಗಳಲ್ಲಿ ಪ್ರಸಂಗ ಕೇಳುವುದಕ್ಕೇ ಆಗುವುದಿಲ್ಲ. ಸೌಂಡ್ ನೋಡಿಕೊಳ್ಳುವವರ ಕಿವಿ ಮೈಕಿನ ಮೇಲೆ, ಸಂಡೇ ಸ್ಕೂಲ್ ಟೀಚರ್ ಇನ್ನೊಂದು ಕೋಣೆಯಲ್ಲಿ. ಅಂಥವರು ಆ ವಾರದ ವಾಕ್ಯಭಾಗವನ್ನು ಶನಿವಾರ ರಾತ್ರಿಯೇ ಓದಿಕೊಳ್ಳಬೇಕು. ತಿಂಗಳಲ್ಲಿ ಒಂದು ಭಾನುವಾರವಾದರೂ ಕೆಲಸವಿಲ್ಲದೆ ಎಲ್ಲರ ನಡುವೆ ಕೂರಬೇಕು. ಇದರಲ್ಲಿ ರಾಜಿ ಬೇಡ.

ಮಕ್ಕಳಿಗೆ ಕಲಿಸುವವರಿಗೆ ಬೇರೆಯದೇ ಪಾಠ ಕಾದಿರುತ್ತದೆ. ‘ನಾವು ಅಷ್ಟು ಪ್ರಾರ್ಥನೆ ಮಾಡಿದರೂ ತಾತ ಯಾಕೆ ಸತ್ತರು?’ ಎಂದು ಒಂದು ಮಗು ಕೇಳಿಬಿಡುತ್ತದೆ. ಬಾಯಿಗೆ ಬಂದ ಉತ್ತರ ಕೊಟ್ಟು ಜಾರಿಕೊಳ್ಳಬೇಡಿ. ‘ನನಗೂ ಪೂರ್ತಿ ಗೊತ್ತಿಲ್ಲ ಪುಟ್ಟಾ, ಗೆಳೆಯ ಲಾಜರ ಸತ್ತಾಗ ಯೇಸು ಏನು ಮಾಡಿದರು ಅಂತ ಓದೋಣ ಬಾ’ ಅನ್ನಿ. ಯೇಸು ಅಲ್ಲಿ ಅತ್ತರು. ಆ ವಾರ ಮಗುವಿಗಿಂತ ಜಾಸ್ತಿ ಓದುವವರು ನೀವೇ ಆಗಿರುತ್ತೀರಿ.

ಮಕ್ಕಳ ಕೆಲಸದಲ್ಲಿ ಇನ್ನೊಂದು ಮಾತು: ಯಾವಾಗಲೂ ಇಬ್ಬರು ದೊಡ್ಡವರು ಇರಲಿ. ಕಾಣಿಕೆ ಎಣಿಸುವಾಗಲೂ ಅಷ್ಟೇ, ಒಬ್ಬರೇ ಕೂರಬೇಡಿ.

ಜಗಳ ಬಂದೇ ಬರುತ್ತದೆ

ಚರ್ಚ್ ಅಂದಮೇಲೆ ಎಲ್ಲರೂ ಸಮಾಧಾನದವರೇ ಅಂದುಕೊಂಡು ಬಂದವರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ನೀವು ಜೋಡಿಸಿದ ಹೂವನ್ನು ಇನ್ನೊಬ್ಬರು ಬಂದು ಮತ್ತೆ ಜೋಡಿಸುತ್ತಾರೆ. ಕ್ವಾಯರ್‌ನಲ್ಲಿ ಯಾರು ಯಾವ ಸಾಲು ಹಾಡಬೇಕು ಎಂಬುದಕ್ಕೆ ಮುಖ ಊದಿಸಿಕೊಳ್ಳುತ್ತಾರೆ. ಮತ್ತಾಯ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಮೊದಲ ಹೆಜ್ಜೆ, ತಪ್ಪು ಮಾಡಿದವನ ಬಳಿಗೆ ಹೋಗಿ ಇಬ್ಬರೇ ಇರುವಾಗ ಮಾತಾಡುವುದು. ನಾವು ಮಾಡುವುದು? ಮೂರನೆಯವರಿಗೆ ಫೋನ್, ಅಲ್ವಾ. ಸಾಮಾನ್ಯವಾಗಿ ‘ಅವರಿಗಾಗಿ ಪ್ರಾರ್ಥನೆ ಮಾಡಿ’ ಎಂಬ ಹೆಸರಿನಲ್ಲಿ.

ಆ ಫೋನ್ ಮಾಡದಿರುವುದೇ ಒಂದು ಸಾಧನೆ. ಒಂದು ದಿನ ತಡೆದು ನೇರವಾಗಿ ಹೋಗಿ, ‘ಅಕ್ಕಾ, ನಿನ್ನೆ ನನಗೆ ಬೇಜಾರಾಯಿತು’ ಎಂದು ಮೆತ್ತಗೆ ಹೇಳಿ. ಕ್ಷಮಿಸಬೇಕು ಎಂಬ ಪ್ರಸಂಗವನ್ನು ಎಷ್ಟು ಕೇಳಿದ್ದರೂ, ಪಕ್ಕದಲ್ಲಿ ನಿಂತು ಕೆಲಸ ಮಾಡುವವರನ್ನು ಕ್ಷಮಿಸುವಾಗಲೇ ಅದು ಎಷ್ಟು ಕಷ್ಟ ಅಂತ ತಿಳಿಯುವುದು.

ಸಾಕಾದಾಗ ಸಾಕು ಅನ್ನಿ

ಮಾರ್ತಳ ಮನೆಗೆ ಯೇಸು ಬಂದ ಕಥೆ ಎಲ್ಲರಿಗೂ ಗೊತ್ತು. ಲೂಕ 10ನೇ ಅಧ್ಯಾಯ. ಉಪಚಾರ ಮಾಡಿದ್ದಕ್ಕೆ ಯೇಸು ಅವಳನ್ನು ತಪ್ಪೆನ್ನಲಿಲ್ಲ. ಹತ್ತಾರು ಚಿಂತೆ ತಲೆಗೆ ಹಾಕಿಕೊಂಡು, ಕೆಲಸ ಬಿಟ್ಟು ಯೇಸುವಿನ ಮಾತು ಕೇಳುತ್ತ ಕೂತಿದ್ದ ತಂಗಿಯ ಮೇಲೆ ದೂರು ಹೇಳುವ ಮಟ್ಟಕ್ಕೆ ಬಂದಿದ್ದಳಲ್ಲ, ಅದನ್ನು ಎತ್ತಿ ತೋರಿಸಿದರು. ‘ನಾನೊಬ್ಬಳೇ ಸಾಯಬೇಕಾ’ ಎಂಬ ಮಾತು ನಿಮ್ಮ ಬಾಯಲ್ಲೂ ಬರತೊಡಗಿದರೆ, ಆರಾಧನೆಗೆ ಹೊರಡುವಾಗಲೇ ಮೈಮೇಲೆ ಭಾರ ಬಿದ್ದಂತಾದರೆ, ಮನೆಯವರ ಮೇಲೆ ರೇಗಾಟ ಹೆಚ್ಚಿದರೆ ಕೆಲಸ ಕಡಿಮೆ ಮಾಡುವ ಹೊತ್ತು ಬಂದಿದೆ.

ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಜನರ ನ್ಯಾಯ ತೀರಿಸುತ್ತಿದ್ದಾಗ ಅವನ ಮಾವ ಇತ್ರೋ ನೋಡಿ, ಇದು ಸರಿಯಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದ. ಕೆಲಸವನ್ನು ಹಂಚಿಕೊಡಿಸಿದ. ‘ಈ ಸಲ ಆಗಲ್ಲ ಅಯ್ಯನವರೇ, ಒಂದು ತಿಂಗಳು ಬಿಡುವು ಕೊಡಿ’ ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ.

ಅವಧಿ ಮುಗಿದಾಗ

ಆರು ತಿಂಗಳಾದ ಮೇಲೆ ಸಭಾಪಾಲಕರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಎಷ್ಟು ಕೆಲಸ ಮಾಡಿದಿರಿ ಎಂಬ ಲೆಕ್ಕ ಬೇಡ. ಪ್ರಾರ್ಥನೆ ಹೆಚ್ಚಿತಾ, ಸಿಟ್ಟು ಇಳಿಯಿತಾ, ಯಾರನ್ನು ಕಂಡರೆ ಈಗಲೂ ಆಗುವುದಿಲ್ಲ ಎಂಬುದನ್ನು ಹೇಳಿ. ಮುಂದುವರಿಯಬೇಕು ಅನ್ನಿಸಿದರೆ ಮುಂದುವರಿಯಿರಿ. ಇಲ್ಲದಿದ್ದರೆ ಬೇರೆಯವರಿಗೆ ಒಪ್ಪಿಸಿ. ಕೀಲಿ ಎಲ್ಲಿರುತ್ತದೆ, ಯಾವ ಸ್ವಿಚ್ ಕೆಟ್ಟಿದೆ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ. ಮೊದಲ ಎರಡು ವಾರ ಅವರ ಜೊತೆಗಿರಿ. ಆಮೇಲೆ ಅವರು ನಿಮ್ಮ ಹಾಗೆ ಮಾಡದಿದ್ದರೂ ತಿದ್ದಲು ಹೋಗಬೇಡಿ.