ಕೈ ಕಟ್ಟಿಹಾಕದೆ ಕ್ಲೋಸಪ್ ಗೆದ್ದ ಬಗೆ

'ಕ್ಯಾಮೆರಾ ಮುಂದೆ ಕೈ ಆಡಿಸಬೇಡ, ಸುಮ್ನೆ ನಿಂತು ಮಾತಾಡು.' ನಾಟಕದಿಂದ ಬಂದವರೆಲ್ಲ ಈ ಮಾತು ಕೇಳಿರುತ್ತೀರಿ, ಅಲ್ವಾ? ನಾನೂ ನಂಬಿದೆ. ಹೆಚ್ಚುಕಡಿಮೆ ಎರಡು ವರ್ಷ ಕೈ ಬಿಗಿಹಿಡಿದೇ ನಟಿಸಿದೆ. ಕೈ ನಿಂತ ಕೂಡಲೇ ಮುಖವೂ ಕಲ್ಲಾಗುತ್ತಿತ್ತು.

ಬೇಸತ್ತು ಒಂದು ಶೂಟಿಂಗ್‌ನಲ್ಲಿ ಕೈಯನ್ನು ಪೂರ್ತಿ ಬಿಟ್ಟುಬಿಟ್ಟೆ. ಪತ್ರ ಮಡಚುತ್ತಾ ಮಾತಾಡುವ ದೃಶ್ಯ. ದೂರದಿಂದ ಇಡೀ ಮೈ ತೋರಿಸುವ ವೈಡ್ ಶಾಟ್‌ನಲ್ಲಿ 'ನಾನು ಬರಲ್ಲ' ಅನ್ನುವಾಗ ಮಡಚಿದೆ. ಮುಖವಷ್ಟೇ ತುಂಬುವ ಕ್ಲೋಸಪ್‌ನಲ್ಲಿ ಅದರ ಮುಂದಿನ ಮಾತಿಗೆ ಮಡಚಿದೆ. ಎಡಿಟಿಂಗ್‌ನಲ್ಲಿ ಎರಡೂ ಕೂಡಲಿಲ್ಲ. ನನ್ನ ಕ್ಲೋಸಪ್ ಪೂರ್ತಿ ಹೋಯಿತು, ಎದುರಿನ ನಟನ ಮುಖದ ಮೇಲೆ ದೃಶ್ಯ ಮುಗಿಸಿದರು. ಮುಂದಿನ ಶೆಡ್ಯೂಲ್‌ಗೆ ಕರೆಯಲೇ ಇಲ್ಲ. ಸುಮಾರು ಆರು ದಿನದ ಸಂಭಾವನೆ ಕೈತಪ್ಪಿತು.

ಆಮೇಲೆ ಎರಡು ತಿಂಗಳ ದುಡಿಮೆ ಸುರಿದು ಒಂದು ಕಾರ್ಯಾಗಾರಕ್ಕೆ ಹೋದೆ. ಅಲ್ಲಿ ದಿನವಿಡೀ ಕನ್ನಡಿ ಮುಂದೆ ನಿಲ್ಲಿಸಿದರು. ಕನ್ನಡಿ ನೋಡಿ ನೋಡಿ ನನ್ನನ್ನು ನಾನೇ ಗಮನಿಸುತ್ತಿರುವ ಚಟ ಹತ್ತಿತು, ಅದನ್ನು ಬಿಡಿಸಿಕೊಳ್ಳಲು ಮತ್ತಷ್ಟು ದಿನ ಬೇಕಾಯಿತು. ಸಾಲ ಮಾಡಿ ಕ್ಯಾಮೆರಾ ತಗೊಂಡೆ, ಅರ್ಧ ಬೆಲೆಗೆ ಮಾರಿದೆ. ಅಭ್ಯಾಸಕ್ಕೆ ಫೋನು, ಒಂದು ಸ್ಟ್ಯಾಂಡು ಧಾರಾಳ ಸಾಕು.

ಕೊನೆಗೆ ಕೈ ಹಿಡಿದದ್ದು ಇದು. ಒಂದೇ ಮಾತು, ಒಂದೇ ಸನ್ನೆ. ಮೊದಲು ರಂಗದ ಮೇಲಿನಷ್ಟೇ ದೊಡ್ಡದಾಗಿ, ಭುಜದಿಂದ. ಆಮೇಲೆ ಮೊಣಕೈಯಿಂದ, ನಂತರ ಮಣಿಕಟ್ಟಿನಿಂದ, ನಂತರ ಬೆರಳಿನಿಂದ. ಕೊನೆಯ ಸುತ್ತಿನಲ್ಲಿ ಕೈ ಅಲ್ಲಾಡುವುದೇ ಇಲ್ಲ, ಆದರೆ ಅಲ್ಲಾಡುವ ಮುಂಚೆ ಎಳೆದುಕೊಳ್ಳುವ ಉಸಿರು ಇರುತ್ತದೆ. ಒಂದೊಂದು ಸುತ್ತಿಗೂ ಎಂಟು-ಹತ್ತು ಟೇಕ್. ಸನ್ನೆ ಚಿಕ್ಕದಾಗಬೇಕು, ಒಳಗಿನ ಒತ್ತಡ ಇಳಿಯಬಾರದು. ಹೀಗೆ ಮಾಡಿದ ಮೇಲೆ ಕೈಯಲ್ಲಿದ್ದದ್ದು ಕುತ್ತಿಗೆಯಲ್ಲಿ, ರೆಪ್ಪೆಯಲ್ಲಿ ಕಾಣತೊಡಗಿತು. 'ಯಂತ್ರ ಆಗಿಬಿಡ್ತೀಯ' ಎಂದು ಗೆಳೆಯರು ಬೈದರು. ನಾನು ಬಿಡಲಿಲ್ಲ.

ಸೆಟ್‌ನಲ್ಲಿ ವೈಡ್‌ಗೆ ಮೊಣಕೈ, ಸೊಂಟದಿಂದ ಮೇಲೆ ತೋರಿಸುವ ಮಿಡ್‌ಗೆ ಮಣಿಕಟ್ಟು, ಕ್ಲೋಸಪ್‌ಗೆ ಉಸಿರು. ಆದರೆ ಮೂರರಲ್ಲೂ ಅದೇ ಮಾತಿಗೆ, ಮಾತಿಗಿಂತ ಒಂದು ಕೂದಲೆಳೆ ಮುಂಚೆ. ಕೈಯಲ್ಲಿ ಲೋಟವೋ ಪತ್ರವೋ ಇದ್ದರೆ ಈ ಆಟ ನಡೆಯಲ್ಲ, ಆಗ ಮೂರು ಶಾಟ್‌ಗೂ ಒಂದೇ ಅಳತೆ. ಯಾವ ಮಾತನ್ನು ಆರಿಸುತ್ತೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಅದಕ್ಕೆ ಜಾಸ್ತಿ ಬೆಲೆ ತೆತ್ತಿದ್ದೇನೆ.

ಮೈ ಮುಂದೆ ಬಾಗುವುದು ಇನ್ನೊಂದು ಕಾಟ. 85 ಎಂಎಂ ಲೆನ್ಸ್, ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಪೂರ್ತಿ ತೆರೆದಿದೆ, ನಾನು ಒಂದೂವರೆ ಮೀಟರ್ ದೂರದಲ್ಲಿದ್ದೇನೆ ಅಂದರೆ ಫೋಕಸ್ ಸಿಗುವುದು ಮೂರು-ನಾಲ್ಕು ಸೆಂಟಿಮೀಟರ್ ಮಾತ್ರ. ಕೋಪದಲ್ಲಿ ಬಾಗಿದರೆ ಕಿವಿ ಸ್ಪಷ್ಟ, ಕಣ್ಣು ಮಂಜು. ಈಗ ಟೇಕ್ ಶುರುವಾಗುವ ಮೊದಲೇ ಭಾರವನ್ನು ಒಂದೇ ಕಾಲಿಗೆ ಹಾಕಿಬಿಡುತ್ತೇನೆ, ತೂಗಾಟ ನಿಲ್ಲುತ್ತದೆ. ಕುರ್ಚಿಯಿಂದ ಏಳುವಾಗಲೂ ಅಷ್ಟೇ. ಒಂದು ಪಾದವನ್ನು ಮೊದಲೇ ಕುರ್ಚಿಯ ಕೆಳಗೆ ಸರಿಸಿಕೊಳ್ಳುತ್ತೇನೆ. ತಲೆ ಮುಂದಕ್ಕೆ ಮುಗ್ಗರಿಸದೆ ನೇರ ಮೇಲಕ್ಕೆ ಹೋಗುತ್ತದೆ, ಕ್ಯಾಮೆರಾ ಆರಾಮಾಗಿ ಹಿಂಬಾಲಿಸುತ್ತದೆ.

ಮಧ್ಯೆ ರೆಪ್ಪೆಯ ಹಿಂದೆ ಬಿದ್ದೆ. ಗಾಬರಿಯಲ್ಲಿ ನಿಮಿಷಕ್ಕೆ ನಲವತ್ತರ ಹತ್ತಿರ ಮಿಟುಕಿಸುತ್ತಿದ್ದೆ. ತಡೆದು ನೋಡಿದೆ, ಕಣ್ಣಲ್ಲಿ ನೀರು ಬಂತು, ನೋಟ ಹೆದರಿಸುವಂತಾಯಿತು. ಯೋಚನೆ ತಿರುಗುವ ಕಡೆ ಮಾತ್ರ ಮಿಟುಕಿಸುವ ಪ್ರಯತ್ನ ಇನ್ನೂ ಅರ್ಧಕ್ಕೇ ನಿಂತಿದೆ. ವೇಗದ ಸನ್ನೆ ಮಾತ್ರ ಬಗೆಹರಿಯಿತು. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಬೀಸಿದ ಕೈ ಕಲಸಿದಂತೆ ಕಾಣುತ್ತದೆ. ನಿಧಾನ ಮಾಡಿದರೆ ನೀರೊಳಗೆ ಆಡಿಸಿದ ಹಾಗೆ. ಹಾಗಾಗಿ ವೇಗವಾಗಿಯೇ ಬೀಸಿ, ಕೊನೆಯಲ್ಲಿ ಒಂದು ಕ್ಷಣ ನಿಲ್ಲಿಸುತ್ತೇನೆ. ನೋಡುವವರ ಕಣ್ಣಿಗೆ ಆ ನಿಲುವೇ ಸಿಗುತ್ತದೆ.

ಮೊನ್ನೆಯ ಕ್ಲೋಸಪ್, ಒಂದೂವರೆ ಪುಟದ ಮಾತು, ಎರಡನೇ ಟೇಕ್‌ಗೇ ಓಕೆ. ಯಂತ್ರ ಅಂದಿದ್ದ ಗೆಳೆಯನೇ ಮಾನಿಟರ್ ಹತ್ತಿರ ಇದ್ದ. 'ಬಾಗಿಲು ತೋರಿಸಿದ್ಯಲ್ಲ, ಕೈ ಫ್ರೇಮ್‌ಗೆ ಬರಲೇ ಇಲ್ಲ ಕಣೋ' ಎಂದ. ಕೈ ಎತ್ತೇ ಇಲ್ಲ, ತೊಡೆ ಮೇಲೇ ಇತ್ತು ಎಂದೆ. ಅವನು ನಂಬಲಿಲ್ಲ. ವೈಡ್ ಹಾಕಿಸಿ, ಕ್ಲೋಸಪ್ ಹಾಕಿಸಿ, ಮತ್ತೆ ಮೊದಲಿಂದ ನೋಡಿದ.