ಸ್ಕ್ಯಾನ್‌ಗೆ ಬರುವ ಮುಂಚೆ ಉಸಿರು ಹಿಡಿಯೋದು ಕಲಿತು ಬನ್ನಿ

ತುಮಕೂರು ಕಡೆಯಿಂದ ನಮ್ಮ ಮೆದುಳಿನ ಅಧ್ಯಯನಕ್ಕೆ ಬೆಂಗಳೂರಿಗೆ ಬರುವ ಹಿರಿಯರು ಮೊದಲು ಕೇಳುವುದು ಇದೇ: 'ನಾವು ಯೋಚನೆ ಮಾಡೋದೆಲ್ಲ ಅದ್ರಲ್ಲಿ ಕಾಣುತ್ತೇನಮ್ಮಾ?' ಕಾಣುವುದಿಲ್ಲ, ಅಜ್ಜಿ. ಎಫ್‌ಎಂಆರ್‌ಐ ಅಂದರೆ ಬಲವಾದ ಅಯಸ್ಕಾಂತದಿಂದ, ಕೆಲಸ ಮಾಡುತ್ತಿರುವ ಮೆದುಳಿನ ಚಿತ್ರ ತೆಗೆಯುವ ಸ್ಕ್ಯಾನ್. ಅದು ನೋಡುವುದು ರಕ್ತವನ್ನು.

ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಚೂರು ಕೆಡಿಸುತ್ತದೆ. ಇದನ್ನೇ ಬಳಸಿಕೊಂಡು ಮೆದುಳಿನ ಚಿತ್ರ ತೆಗೆಯಬಹುದೆಂದು ಜಪಾನಿನ ವಿಜ್ಞಾನಿ ಸೆಯ್ಜಿ ಒಗಾವಾ ಅವರ ತಂಡ 1990ರಲ್ಲಿ ತೋರಿಸಿತು. ನೀವು ಬೆರಳು ಆಡಿಸಿದರೆ ಮೆದುಳಿನ ಆ ಜಾಗಕ್ಕೆ ರಕ್ತ ನುಗ್ಗುತ್ತದೆ, ಒಂದು ತೆಂಗಿನ ಬುಡಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಬಿಟ್ಟ ಹಾಗೆ. ಖರ್ಚಿಗಿಂತ ಹೆಚ್ಚು ಆಮ್ಲಜನಕ ಬರುವುದರಿಂದ ಕಾಂತಕ್ಷೇತ್ರ ಕೆಡುವುದು ಕಡಿಮೆಯಾಗಿ ಸಿಗ್ನಲ್ ಏರುತ್ತದೆ. ತುದಿ ಮುಟ್ಟಲು 5–6 ಸೆಕೆಂಡು ಬೇಕು.

ತೊಂದರೆ ಇರುವುದು ಇಲ್ಲಿ. ಎಪ್ಪತ್ತರ ಅಜ್ಜಿಯ ರಕ್ತನಾಳ ಇಪ್ಪತ್ತರ ಹುಡುಗಿಯದರಷ್ಟು ಸಲೀಸಾಗಿ ಹಿಗ್ಗದೇ ಇರಬಹುದು. ಆಗ ಸಿಗ್ನಲ್ ಸಣ್ಣದಾಗುತ್ತದೆ. ನಾವು ಸುಮ್ನೆ 'ಮೆದುಳು ಮಂದವಾಗಿದೆ' ಅಂದುಬಿಟ್ಟರೆ ಅನ್ಯಾಯ ಅಲ್ವಾ? ಅದಕ್ಕೇ ಉಸಿರು ಹಿಡಿಸುವುದು. ಉಸಿರು ಹಿಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಯಾವ ಕೆಲಸ ಕೊಡದಿದ್ದರೂ ನಾಳಗಳು ಹಿಗ್ಗುತ್ತವೆ. ಎಷ್ಟು ಹಿಗ್ಗಿದವು ಎಂಬುದು ತಿಳಿದರೆ ಉಳಿದ ಲೆಕ್ಕ ಸರಿಪಡಿಸಬಹುದು.

ಮನೆಯಲ್ಲಿ ಹೀಗೆ ಮಾಡಿ. ಚಾಪೆ ಮೇಲೆ ಅಂಗಾತ ಮಲಗಿ. ಅರ್ಧ ನಿಮಿಷ ಮಾಮೂಲಿಯಾಗಿ ಉಸಿರಾಡಿ. ಆಮೇಲೆ ಮೆಲ್ಲಗೆ ಉಸಿರು ಬಿಟ್ಟು, ಅಲ್ಲೇ ನಿಲ್ಲಿಸಿ. ಎದೆ ತುಂಬ ಗಾಳಿ ಎಳೆದುಕೊಂಡು ಹಿಡಿಯುವುದು ಬೇಡ. ಒಬ್ಬೊಬ್ಬರು ಒಂದೊಂದು ಅಳತೆ ಎಳೆಯುತ್ತಾರೆ, ಹೋಲಿಸುವುದು ಕಷ್ಟ. ಮೊಮ್ಮಕ್ಕಳು ಮೊಬೈಲ್ ನೋಡಿ ಹದಿನೈದರವರೆಗೆ ಎಣಿಸಲಿ. ಆಗದಿದ್ದರೆ ಹತ್ತಕ್ಕೇ ಬಿಟ್ಟುಬಿಡಿ, ಪಂದ್ಯವೇನಲ್ಲ. ಹಿಡಿದದ್ದು ಮುಗಿಸಿ ಮತ್ತೆ ಉಸಿರು ಎಳೆದುಕೊಳ್ಳುವಾಗ ತಲೆ ಎತ್ತಬೇಡಿ. ಜನ ಅಲ್ಲೇ ಅಲುಗಾಡುವುದು, ಒಂದೆರಡು ಮಿಲಿಮೀಟರ್ ಸರಿದರೂ ಚಿತ್ರ ಕೆಡುತ್ತದೆ. ತಲೆಸುತ್ತು ಬಂದರೆ ನಿಲ್ಲಿಸಿ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಈ ಅಭ್ಯಾಸವನ್ನೇ ಮಾಡಬೇಡಿ, ಫೋನಿನಲ್ಲೇ ಹೇಳಿ.

ಇನ್ನು ಕಾಫಿ. ಕೆಫೀನ್ ಮೆದುಳಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹಾಗಂತ ದಿನಾ ಕುಡಿಯುವವರು ಅವತ್ತು ಬಿಟ್ಟರೆ ರಕ್ತದ ಹರಿವು ಏರಿ, ತಲೆನೋವೂ ಬರಬಹುದು. ಪೂರ್ತಿ ಬಿಡಿಸುವ ಲ್ಯಾಬ್‌ಗಳೂ ಇವೆ, ನನಗದು ಒಪ್ಪಿಗೆಯಿಲ್ಲ. ದಿನಾ ಕುಡಿಯುವಷ್ಟೇ, ಅದೇ ಹೊತ್ತಿಗೆ ಕುಡಿದು, ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ. ದಾರಿಯಲ್ಲಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿ, ಅಡ್ಡಿಯಿಲ್ಲ. ಆದರೆ ಅದರ ಜೊತೆ ಇನ್ನೊಂದು ಲೋಟ ಕಾಫಿ ಬೇಡ.

ಮೈಯೊಳಗೆ ಪೇಸ್‌ಮೇಕರ್, ರಾಡು, ಕ್ಲಿಪ್ಪು ಏನಿದ್ದರೂ ಊರು ಬಿಡುವ ಮೊದಲೇ ತಿಳಿಸಿ. ಹೇರ್‌ಪಿನ್ನು, ಓಲೆ, ಸರ ಮನೆಯಲ್ಲೇ ಇರಲಿ. ತಾಳಿಯನ್ನೂ ತೆಗೆಯಬೇಕಾಗುತ್ತದೆ. ಅದಕ್ಕೆ ಮನಸ್ಸು ಒಪ್ಪದಿದ್ದರೆ ಮುಂಚೆಯೇ ಹೇಳಿ, ಬಲವಂತವಿಲ್ಲ.